ಬಲಗಡೆ ತಿರುಗಿ ನೋಡಿದ ಮೇಲೂ

ಶುಕ್ರವಾರ ಬೆಳಿಗ್ಗೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ಮನೆ ಬಿಟ್ಟು ಹೈವೇ ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಷಿಕಾಗೋ ಪಕ್ಕದ ರೇಸ್‌ಕೋರ್ಸ್ ಸೇರುತ್ತೇನೆ. ಭಾನುವಾರ ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಡೆಟ್ರಾಯಿಟ್ ಕಡೆಯ ಟ್ರ್ಯಾಕುಗಳು ಒಂದೊಂದಾಗಿ ಮುಚ್ಚಿಹೋದ ಮೇಲೆ ನನ್ನ ಪಾಡು ಇದು. ಸೊಂಟ ಹಿಡಿದುಕೊಳ್ಳುತ್ತದೆ, ಮೋಟೆಲಿನ ದಿಂಬು ಕತ್ತಿಗೆ ಆಗಿಬರುವುದಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಪ್ರತಿ ಸಲವೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಮುಂದಿನ ಶುಕ್ರವಾರ ಮತ್ತೆ ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು ಹೊರಡುತ್ತೇನೆ.

ನಾನು ಹಾರ್ನೆಸ್ ರೇಸಿನ ತೀರ್ಪುಗಾರ್ತಿ. ಹಾಗೆಂದರೆ ನಮ್ಮವರಿಗೆ ಅರ್ಥವಾಗುವುದಿಲ್ಲ. ಬೆಂಗಳೂರಿನ ರೇಸಿನಂತೆ ಇಲ್ಲಿ ಜಾಕಿ ಕುದುರೆಯ ಬೆನ್ನೇರುವುದಿಲ್ಲ. ಕುದುರೆಯ ಹಿಂದೆ ಎರಡು ಚಕ್ರದ ಹಗುರವಾದ ಗಾಡಿ ಇರುತ್ತದೆ, ಅದರ ಮೇಲೆ ಕಾಲು ಚಾಚಿ ಕುಳಿತ ಡ್ರೈವರ್ ಲಗಾಮು ಹಿಡಿದು ಓಡಿಸುತ್ತಾನೆ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ, ಕಲಿಸಿದ ಹೆಜ್ಜೆಯಲ್ಲೇ ಓಡಬೇಕು. ಎಂಟು ಹತ್ತು ಗಾಡಿಗಳು ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಹೋಗುತ್ತಿರುವಾಗ ಒಬ್ಬ ಅಡ್ಡ ಬಂದರೆ ಮುಗಿಯಿತು, ಮೂರು ಗಾಡಿ ಉರುಳುತ್ತವೆ. ಹಾಗೆ ಅಡ್ಡ ಬಂದವನನ್ನು ಕರೆಸಿ ಕೇಳುವುದು, ಕೇರ್‌ಲೆಸ್ ಡ್ರೈವಿಂಗ್ ಎಂದು ಬರೆದು ಕೆಲವು ದಿನ ಹೊರಗಿಡುವುದು ಗಾಜಿನ ಕೋಣೆಯಲ್ಲಿ ಕೂರುವ ನಮ್ಮ ಮೂವರ ಕೆಲಸ.

ಊರಿನಲ್ಲಿ ನಾನು ಪಶುವೈದ್ಯೆಯಾಗಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಬರೆಯುವ ಚೈತನ್ಯ ಉಳಿಯಲಿಲ್ಲ. ಗಂಡ ಪಕ್ಕದ ಊರು ವಾರೆನ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುತ್ತಿದ್ದರೆ ನಾನು ಟ್ರ್ಯಾಕಿನಲ್ಲಿ ಗೆದ್ದ ಕುದುರೆ ಯಾವಾಗ ಉಚ್ಚೆ ಹೊಯ್ಯುತ್ತದೆಂದು ಉದ್ದೀಪನ ಮದ್ದಿನ ಪರೀಕ್ಷೆಯ ಶೀಸೆ ಹಿಡಿದು ಕಾಯುತ್ತಿದ್ದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಗಾಜಿನ ಕೋಣೆ ಸೇರಿದೆ. ಡ್ರೈವರುಗಳಿಗೆಲ್ಲ ನಾನು 'ಡಾಕ್'. ದೇವಸ್ಥಾನದ ಪರಿಚಯದವರಿಗೆ ನಾನು ಜೂಜಿನ ಜಾಗದಲ್ಲಿ ಏನೋ ಮಾಡುವ ಆಂಟಿ. ಒಮ್ಮೆ ಪ್ರಸಾದದ ಸಾಲಿನಲ್ಲಿ ಒಬ್ಬ ಹುಡುಗಿ, "ಆಂಟಿ, ಡು ಯು ಗಿವ್ ಟಿಕೆಟ್ಸ್ ಟು ಹಾರ್ಸಸ್?" ಎಂದು ಕೇಳಿದಳು. ಹೌದಮ್ಮ, ಕುದುರೆಗಳು ಮಾತ್ರ ತಪ್ಪದೆ ದಂಡ ಕಟ್ಟುತ್ತವೆ ಎಂದೆ. ಅವಳಮ್ಮ ನಗಲಿಲ್ಲ.

ನಾನು ಹೇಳಹೊರಟಿರುವುದು ಒಬ್ಬ ಮುದುಕ ಡ್ರೈವರಿನ ವಿಷಯ. ಡೆಟ್ರಾಯಿಟ್ ಕಡೆಯ ಟ್ರ್ಯಾಕಿನಲ್ಲಿ ನಾನು ಶೀಸೆ ಹಿಡಿದು ನಿಂತಿದ್ದ ಕಾಲದಲ್ಲೇ ಆತ ಹೆಸರು ಮಾಡಿದ್ದ. ನನ್ನ ಹಾಗೇ ಆತನೂ ಟ್ರ್ಯಾಕು ಮುಚ್ಚಿದ ಮೇಲೆ ಷಿಕಾಗೋ ಕಡೆಗೆ ಬಂದವನು. ಹೈವೇ ಪಕ್ಕದ ಒಂದೇ ಪೆಟ್ರೋಲ್ ಬಂಕಿನಲ್ಲಿ ನಾವಿಬ್ಬರೂ ಕಾಫಿಗೆ ನಿಲ್ಲುತ್ತಿದ್ದೆವು. ತೀರ್ಪುಗಾರರು ಡ್ರೈವರುಗಳ ಜೊತೆ ಸಲಿಗೆ ಬೆಳೆಸುವಂತಿಲ್ಲ. ಹೀಗಾಗಿ ತಲೆಯಾಡಿಸಿ ಅವರವರ ಗಾಡಿ ಹತ್ತುತ್ತಿದ್ದೆವು. ಮೊದಲೆಲ್ಲ ಕುದುರೆಯ ಟ್ರೇಲರ್ ಎಳೆಯುವ ಟ್ರಕ್ಕನ್ನು ಆತನೇ ಓಡಿಸುತ್ತಿದ್ದ. ಈ ವರ್ಷ ಹೆಂಡತಿ ಓಡಿಸುತ್ತಿದ್ದರು, ಆತ ಪಕ್ಕದಲ್ಲಿ ಕೂರುತ್ತಿದ್ದ. ವಯಸ್ಸಾಯಿತು, ದಣಿವು ಎಂದುಕೊಂಡಿದ್ದೆ. ನನಗೂ ಯಾರಾದರೂ ಓಡಿಸುವವರಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹೊಟ್ಟೆಕಿಚ್ಚೂ ಪಟ್ಟಿದ್ದೆ.

ಇಷ್ಟು ವರ್ಷಗಳಲ್ಲಿ ಕೇರ್‌ಲೆಸ್ ಎಂಬ ಪದ ಆತನ ಹೆಸರಿನ ಮುಂದೆ ಒಮ್ಮೆಯೂ ಬಂದಿರಲಿಲ್ಲ. ಅದು ಆತನ ದೊಡ್ಡ ಜಂಬ. ಹೊಸ ಹುಡುಗರು ನಮ್ಮ ಕೈಯಲ್ಲಿ ಬೈಸಿಕೊಂಡು ಹೊರಗೆ ಬಂದರೆ ಮೆಟ್ಟಿಲ ಬಳಿಯೇ ಹಿಡಿದು ಇನ್ನೊಂದು ಸುತ್ತು ಬೈಯುತ್ತಿದ್ದ.

ಆ ಶನಿವಾರ ಮಧ್ಯಾಹ್ನದ ಕೊನೆಯ ರೇಸು. ಕೊನೆಯ ತಿರುವಿನಲ್ಲಿ ಆತ ಎಡಗಡೆ ಒಳಸಾಲಿನಲ್ಲಿ ಮುಂದಿನ ಗಾಡಿಯ ಹಿಂದೆ ಸಿಕ್ಕಿಕೊಂಡಿದ್ದ. ಹೊರಸಾಲಿನಲ್ಲಿ ಬಲಗಡೆಯಿಂದ ಒಬ್ಬ ಯುವತಿ ಬರುತ್ತಿದ್ದಳು. ಆ ವಾರವಷ್ಟೇ ಬೇರೆ ರಾಜ್ಯದಿಂದ ಬಂದವಳು. ಅವಳ ಕುದುರೆಯ ತಲೆ ಆತನ ಚಕ್ರದ ಸಮಕ್ಕೆ ಬಂದಿತ್ತು. ಆಗ ಆತ ಲಗಾಮು ಜಗ್ಗಿ ಬಲಕ್ಕೆ ಹೊರಬಂದ. ಚಕ್ರಕ್ಕೆ ಕುದುರೆಯ ಕಾಲು ಸಿಕ್ಕಿತು, ಅವಳ ಗಾಡಿ ಎಗರಿತು, ಅವಳು ಬೇಲಿಯ ಕಡೆ ಹೋಗಿ ಬಿದ್ದಳು. ಕುದುರೆ ಖಾಲಿ ಗಾಡಿ ಎಳೆದುಕೊಂಡು ಒಂದು ಸುತ್ತು ಓಡಿತು. ಅದಕ್ಕೆ ಮೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಯುವತಿಯ ಕಾಲರ್‌ಬೋನ್ ಮುರಿದಿತ್ತು.

ಮುಖ್ಯ ತೀರ್ಪುಗಾರರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ದೊಡ್ಡ ಮೈಯ, ಬೇಗ ಮನೆಗೆ ಹೋಗಲು ಇಷ್ಟಪಡುವ ಮನುಷ್ಯ. "ಕೇರ್‌ಲೆಸ್. ಬೆಳಿಗ್ಗೆ ಕರೆಸಿ ಹೇಳಿಬಿಡೋಣ. ಪಾಪ, ಮೊದಲನೇ ಸಲ," ಎಂದರು. ರೇಸಿನಲ್ಲಿದ್ದ ಬೇರೆ ಡ್ರೈವರುಗಳನ್ನು ಕೇಳಿದರೆ ಎಲ್ಲರದೂ ಒಂದೇ ರಾಗ. ಹುಡುಗಿ ವೇಗವಾಗಿ ಬಂದಳು, ಅದೃಷ್ಟ ಸರಿಯಿರಲಿಲ್ಲ, ರೇಸು ಅಂದರೆ ಹೀಗೆಲ್ಲ ಆಗುತ್ತೆ. ಒಬ್ಬರ ಮೇಲೊಬ್ಬರು ದೂರು ಹೇಳದಿರುವುದು ಅವರ ಪದ್ಧತಿ. ಎಷ್ಟು ವರ್ಷದಿಂದ ಈ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೇನೆ, ನನಗೇನೂ ಹೊಸದಲ್ಲ.

ಆಸ್ಪತ್ರೆಯಿಂದ ಯುವತಿ ಫೋನಿನಲ್ಲಿ ಹೇಳಿದ ಮಾತು ಮಾತ್ರ ಹೊಸದು. "ನಾನು ಕುದುರೆನ ಯಾಕೆ ತಡೀಲಿಲ್ಲ ಅಂದ್ರೆ, ಅವರು ತಿರುಗಿ ನನ್ನ ಮುಖ ನೋಡಿದ್ರು. ನೇರವಾಗಿ ನೋಡಿದ್ರು. ನೋಡಿದ್ದಾರಲ್ಲ, ಬರಲ್ಲ ಅಂದ್ಕೊಂಡೆ."

ಎಲ್ಲರೂ ಹೋದ ಮೇಲೆ ನಾನು ಆ ರೇಸಿನ ವಿಡಿಯೋ ಚಿತ್ರವನ್ನು ಮತ್ತೆ ಹಾಕಿಕೊಂಡು ಕೂತೆ. ಅವಳು ಹೇಳಿದ್ದು ನಿಜ. ಹೊರಬರುವ ಮುಂಚೆ ಆತ ಬಲಕ್ಕೆ ಕತ್ತು ತಿರುಗಿಸಿದ್ದ. ಆ ವಯಸ್ಸಿಗೆ ಕತ್ತು ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿ, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಹೊರಬಂದಿದ್ದ. ಕೇರ್‌ಲೆಸ್ ಎಂದು ನಾವು ಬರೆಯುವುದು ನೋಡದೆ ನುಗ್ಗಿದವರಿಗೆ. ನೋಡಿ, ಗೊತ್ತಿದ್ದೂ ನುಗ್ಗಿದರೆ ಅದು ಬೇಕೆಂದೇ ಮಾಡಿದ್ದು, ಅದರ ಶಿಕ್ಷೆ ಬಹಳ ದೊಡ್ಡದು. ಆದರೆ ಈ ಮನುಷ್ಯ ಬೇಕೆಂದೇ ಯಾರನ್ನೂ ಬೀಳಿಸುವವನಲ್ಲ, ಅದು ನನಗೆ ಗೊತ್ತು.

ಹಿಂದಿನ ವಾರಗಳ ರೇಸುಗಳನ್ನೂ ತೆಗೆದು ನೋಡಿದೆ. ನಮ್ಮ ಕ್ಯಾಮೆರಾಗಳಿಗೆ ದನಿ ಇಲ್ಲ. ಮುಂದಿನಿಂದ ತೆಗೆದ ಚಿತ್ರದಲ್ಲಿ ಕುದುರೆಗಳು ಎದುರಾಗಿ ಬರುತ್ತವೆ, ಡ್ರೈವರುಗಳ ಮುಖ ಚೆನ್ನಾಗಿ ಕಾಣುತ್ತದೆ. ಆತನ ಬಲಕ್ಕೆ ಯಾರು ಬಂದರೂ ಒಂದು ಕುದುರೆ ಹಿಡಿಸುವಷ್ಟು ಜಾಗ ಬಿಟ್ಟು ಬರುತ್ತಿದ್ದರು. ಬೇರೆ ಯಾರಿಗೂ ಅವರು ಅಂಗೈಯಗಲ ಜಾಗ ಬಿಡುವವರಲ್ಲ. ಆತನ ಪಕ್ಕಕ್ಕೆ ಬರುತ್ತಲೇ ಪ್ರತಿಯೊಬ್ಬರ ಬಾಯಿಯೂ ಅಗಲವಾಗಿ ತೆರೆಯುತ್ತಿತ್ತು. ಮೊದಲು ಕುದುರೆಗೆ ಕೂಗುತ್ತಿದ್ದಾರೆ ಎಂದುಕೊಂಡೆ. ಮೂರನೆಯ ಚಿತ್ರ ನೋಡುವ ಹೊತ್ತಿಗೆ ಗೊತ್ತಾಯಿತು. ನಾನಿಲ್ಲಿದ್ದೇನೆ ಎಂದು ಅವರು ಆತನಿಗೆ ಕೂಗಿ ಹೇಳುತ್ತಿದ್ದರು.

ಪಾರ್ಕಿಂಗ್ ಲಾಟಿನಲ್ಲಿ ಅವರಲ್ಲೊಬ್ಬ ಉದ್ದನೆಯ ಡ್ರೈವರ್ ಇನ್ನೂ ಸಾಮಾನು ಕಟ್ಟುತ್ತಿದ್ದ. ನಾನು ಏನೂ ಕೇಳಿರಲಿಲ್ಲ. ನನ್ನ ಮುಖ ನೋಡಿ ಅವನೇ, "ಡಾಕ್, ಆ ಹುಡುಗಿ ಹೊಸಬಳು. ಅವಳಿಗೆ ಯಾರೂ ಹೇಳಿರಲಿಲ್ಲ," ಎಂದ.

"ಏನನ್ನ ಹೇಳಿರಲಿಲ್ಲ?"

ಅವನು ಟ್ರಕ್ಕಿನ ಬಾಗಿಲು ಹಾಕಿ, ಗುಡ್‌ನೈಟ್ ಹೇಳಿ ಹೋಗಿಬಿಟ್ಟ.

ಸಿಟ್ಟು ಬಂತು. ಒಬ್ಬ ಮುದುಕನ ಮಾನ ಕಾಪಾಡಲು ಇಷ್ಟೊಂದು ಜನ ಒಂದಾಗಿದ್ದರು, ಆದರೆ ಪಕ್ಕದಲ್ಲಿ ಬರುವ ಹೆಣ್ಣುಮಗಳಿಗೆ ಒಂದು ಮಾತು ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅವಳ ಕುದುರೆಯೂ ಉರುಳಿದ್ದರೆ ಅವಳ ಮೈಮೇಲೇ ಬೀಳುತ್ತಿತ್ತು. ಸಿಟ್ಟಿನ ಜೊತೆಗೇ ಆ ಡ್ರೈವರುಗಳ ಮೇಲೆ ಒಂಥರಾ ಅಕ್ಕರೆಯೂ ಬಂತು, ಅದು ನನಗೆ ಇನ್ನೂ ಸಿಟ್ಟು ತರಿಸಿತು. ಮೋಟೆಲಿಗೆ ಹೋಗಿ ಮನೆಗೆ ಫೋನ್ ಮಾಡಿದೆ.

"ಕೇರ್‌ಲೆಸ್ ಅಂತ ಬರದು ಮುಗಸಿಬಿಡು," ಎಂದರು ನನ್ನ ಗಂಡ. "ನಿಮ್ಮ ದೊಡ್ಡ ಸಾಹೇಬ್ರು ಅದನ್ನ ಹೇಳಾಕತ್ಯಾರ. ನೀ ಯಾಕ ಮೈಮ್ಯಾಲೆ ಎಳಕೋತಿ?"

"ಅವಾ ನೋಡ್ಯಾನ್ರೀ," ಎಂದೆ. "ತಿರಿಗಿ ನೋಡ್ಯಾನ. ಆದ್ರ ಅವಗ ಕಂಡಿಲ್ಲ."

"ಅದನ್ನ ಬರದ್ರ ಅವನ ಕತಿ ಮುಗೀತಲ್ಲ," ಎಂದರು.

ಅದೇ ಕಷ್ಟ. ಕೇರ್‌ಲೆಸ್ ಎಂದರೆ ಕೆಲವು ದಿನ ಮನೆಯಲ್ಲಿ ಕೂತು ಮತ್ತೆ ಬರಬಹುದು. ಕಣ್ಣು ಎಂದು ಬರೆದರೆ ಪರೀಕ್ಷೆಯಾಗಬೇಕು. ಆತನ ವರ್ಷದ ವೈದ್ಯಕೀಯ ಪರೀಕ್ಷೆ ಚಳಿಗಾಲಕ್ಕೆ ಮುಂಚೆ ಮುಗಿದಿತ್ತು. ಅದಾದ ಮೇಲೆ ಬಲಗಣ್ಣಿನ ದೃಷ್ಟಿ ಇಳಿದಿರಬೇಕು. ಈಗ ಪರೀಕ್ಷೆಗೆ ಕಳಿಸಿದರೆ ಆತ ಮತ್ತೆ ಕುದುರೆಯ ಹಿಂದೆ ಕೂರುವುದಿಲ್ಲ. ಬೆಳಗಿನವರೆಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಎಷ್ಟು ಜನರ ಲೈಸೆನ್ಸಿಗೆ ಕೈ ಹಾಕಿದ್ದೇನೆ, ಎಷ್ಟು ಜನ ನನ್ನನ್ನು ಮನಸ್ಸಿನಲ್ಲೇ ಶಪಿಸಿದ್ದಾರೆ, ಅದರ ಮೇಲೆ ಇದೊಂದು ಯಾಕೆ ಬಂತು ಅನ್ನಿಸಿತು. ಬೆಳಿಗ್ಗೆ ಮುಖ್ಯ ತೀರ್ಪುಗಾರರಿಗೆ ಆ ಹಳೆಯ ಚಿತ್ರಗಳನ್ನು ತೋರಿಸಿದೆ. "ನಿನಗೆ ಹಾಗೆ ಕಾಣುತ್ತೆ. ಬಾಯಿ ತೆರೆದರೆ ಅದೇ ಕೂಗಿದ್ದು ಅಂತ ಹೇಗೆ ಹೇಳೋದು?" ಎಂದರು. ಅದೂ ತಪ್ಪಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಆಚೆ ಮುಖ್ಯ ತೀರ್ಪುಗಾರರು, ಈಚೆ ಡ್ರೈವರಿಗೊಂದು ಕುರ್ಚಿ. ಮೂರನೆಯ ತೀರ್ಪುಗಾರರು ಇನ್ನೂ ಬಂದಿರಲಿಲ್ಲ. ಏಸಿಯ ಗಾಳಿ ನೇರ ಬೆನ್ನಿಗೆ ಹೊಡೆಯುತ್ತದೆಂದು ನಾನು ನನ್ನ ಕುರ್ಚಿಯನ್ನು ಈಚೆಗೆ ಎಳೆದುಕೊಂಡು, ಡ್ರೈವರಿನ ಕುರ್ಚಿಯ ಬಲಗಡೆ ಗೋಡೆಗೆ ಒರಗಿ ಕೂತಿದ್ದೆ. ಕೈ ಚಾಚಿದರೆ ಸಿಗುವಷ್ಟು ದೂರ.

ಆತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಡ್ಡ ಹೆರೆದುಕೊಂಡು, ಟೋಪಿಯನ್ನು ಕೈಯಲ್ಲಿ ಹಿಡಿದು ಬಂದ. ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ನೋಡಿದ. ಬಂದು ಕೂತ. ಸೋಪಿನ ವಾಸನೆ ನನ್ನವರೆಗೂ ಬಂತು.

"ಒಬ್ಬನೇ ಇದೀಯಾ? ಒಳ್ಳೇದಾಯ್ತು," ಎಂದ ಮುಖ್ಯ ತೀರ್ಪುಗಾರರಿಗೆ. "ರೆಕಾರ್ಡಿಂಗ್ ಆಮೇಲೆ ಹಾಕು. ಡಾಕ್ ಬರೋದಕ್ಕೆ ಮುಂಚೆ ಮುಗಿಸಿಬಿಡೋಣ. ಕೇರ್‌ಲೆಸ್ ಅಂತ ಬರಿ, ನಾನು ಸೈನ್ ಮಾಡ್ತೀನಿ. ಎಷ್ಟು ದಿನ ಬೇಕಾದರೂ ಕೊಡು. ಆಕೆ ಬಂದರೆ ಒಂದಾದ ಮೇಲೊಂದು ಪ್ರಶ್ನೆ ಕೇಳ್ತಾಳೆ."

ಮುಖ್ಯ ತೀರ್ಪುಗಾರರ ಪೆನ್ನು ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಕಷ್ಟಪಟ್ಟು ಮೇಜನ್ನೇ ನೋಡುತ್ತಿದ್ದರು. ಅವರ ದಪ್ಪ ಕತ್ತು ಕೆಂಪಗಾಯಿತು.

ಸದ್ದಿಲ್ಲದೆ ಎದ್ದು ಹೊರಗೆ ಹೋಗಿ, ಬಾಗಿಲು ತಟ್ಟಿ, ಆಗಷ್ಟೇ ಬಂದವಳ ಹಾಗೆ ಮತ್ತೆ ಒಳಗೆ ಬರೋಣವೇ ಎಂದು ಯೋಚಿಸಿದೆ. ಆದರೆ ಎದ್ದರೆ ಕುರ್ಚಿ ಕಿರ್ ಎನ್ನುತ್ತಿತ್ತು. ಕೂತೇ ಇದ್ದರೆ ಆತ ಇನ್ನೂ ಏನೇನು ಹೇಳಿಬಿಡುತ್ತಿದ್ದನೋ. ಜೀವನದಲ್ಲಿ ಯಾರ ಮಾತನ್ನೂ ಕದ್ದು ಕೇಳಿದವಳಲ್ಲ ನಾನು, ಇಲ್ಲಿ ಎದುರಿಗೇ ಕೂತು ಕದ್ದು ಕೇಳುವ ಹಾಗಾಗಿತ್ತು.

"ನಾನು ಇಲ್ಲೇ ಇದ್ದೀನಿ," ಎಂದೆ, ಆದಷ್ಟು ಮೆಲ್ಲಗೆ.

ಆತ ಬೆಚ್ಚಿಬಿದ್ದ. ಕತ್ತು ಸಾಲದೆ ಇಡೀ ಮೈಯನ್ನೇ ಕುರ್ಚಿಯಲ್ಲಿ ತಿರುಗಿಸಿದ, ಎಡಗಣ್ಣಿಗೆ ನಾನು ಸಿಗುವವರೆಗೂ ತಿರುಗಿಸಿದ.

"ಯಾವಾಗ ಬಂದೆ?"

"ನಿಮಗಿಂತ ಮುಂಚೆ."

ಮುಖ್ಯ ತೀರ್ಪುಗಾರರು ಕನ್ನಡಕ ತೆಗೆದು ಒರೆಸತೊಡಗಿದರು. ಇನ್ನು ಚಿತ್ರ ಹಾಕಿ ತೋರಿಸುವ ಅಗತ್ಯವಿರಲಿಲ್ಲ. ಅದು ಆತನಿಗೂ ಗೊತ್ತಾಯಿತು. ಟೋಪಿಯನ್ನು ಮೇಜಿನ ಮೇಲಿಟ್ಟು, ನನ್ನ ಕಡೆಗೇ ತಿರುಗಿ ಕೂತ.

"ಬೇಕಂತಲೇ ಮಾಡಿದೆ ಅಂತ ಬರಿ, ಡಾಕ್," ಎಂದ. "ಹುಡುಗಿಯನ್ನ ನೋಡಿದೆ, ನೋಡೇ ಅಡ್ಡ ಹೋದೆ ಅಂತ ಬರಿ. ಒಂದು ವರ್ಷ ಹೊರಗಿಡು. ಬೇಡ ಅನ್ನಲ್ಲ. ವರ್ಷ ಆದ ಮೇಲೆ ವಾಪಸ್ ಬರಬಹುದಲ್ಲ."

ನನಗೆ ಅಳು ಬಂತು. ಅಳುವ ಕೆಲಸವಲ್ಲ ಇದು, ಅದಕ್ಕೇ ದನಿ ಗಡುಸು ಮಾಡಿಕೊಂಡೆ. "ಅವಳ ಮೂಳೆ ಮುರಿದಿದೆ. ಬೇಕಂತಲೇ ಬೀಳಿಸಿದೆ ಅಂತ ಅವಳ ಮುಂದೆ ಹೇಳ್ತೀರಾ?"

ಆತ ಮೇಜಿನ ಮೇಲಿನ ಟೋಪಿಯ ಅಂಚನ್ನು ಸವರಿದ.

"ಹೇಳ್ತೀನಿ," ಎಂದ.

ಕಣ್ಣಿನ ಡಾಕ್ಟರ ವರದಿ ಬರುವವರೆಗೆ ಗಾಡಿ ಹತ್ತುವಂತಿಲ್ಲ ಎಂದು ನಾನೇ ಬರೆದೆ. ಮುಖ್ಯ ತೀರ್ಪುಗಾರರು ಸಹಿ ಮಾಡಿ ಹಾಳೆಯನ್ನು ಆತನ ಕಡೆ ತಳ್ಳಿದರು. ಆತ ಪೆನ್ನು ಹಿಡಿದುಕೊಂಡು ಎಡಗಣ್ಣು ಹಾಳೆಗೆ ತಾಗುವಷ್ಟು ಬಗ್ಗಿದ, ಆದರೂ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದ. ನಾನು ಎದ್ದು ಹೋಗಿ ಬೆರಳಿಟ್ಟು ತೋರಿಸಿದೆ.