ಭೀಮಯ್ಯನ ಮನೆಗೆ ಹೋಗದ ನೂಲು

ನನ್ನ ತಮ್ಮ ಕಾಂತೇಶ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೈಯುವುದು ಬಹಳ ಇದೆ.

ನಾರಾಯಣಪೇಟೆಯಲ್ಲಿ ನಮ್ಮಪ್ಪ ನಾಗಪ್ಪನವರು ಇಟ್ಟದ್ದು ಸೀರೆ ವ್ಯಾಪಾರ. ನೇಕಾರರ ಮನೆಗೆ ನೂಲು ಕೊಡುವುದು, ಅವರು ನೇಯ್ದ ಸೀರೆಗಳನ್ನು ದೊಡ್ಡ ಊರಿನ ಅಂಗಡಿಗಳಿಗೆ ಕಳಿಸುವುದು. ಅಪ್ಪನ ಕಾಲಕ್ಕೆ ಮಗ್ಗಗಳೆಲ್ಲ ನಮ್ಮ ಓಣಿಯ ಹಿಂದೆ ಮುಂದೆಯೇ ಇದ್ದವು. ಕಾಂತೇಶ ಅದನ್ನು ಮಕ್ತಲ್, ಗದ್ವಾಲ್‌ವರೆಗೆ ಹಬ್ಬಿಸಿದ. ಚುರುಕಿನ ಹುಡುಗ, ಮಾತಿನ ಮಲ್ಲ. ಸಣ್ಣವನಿದ್ದಾಗ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ ಅವನಿಗೆ. ನೇಕಾರ ಭೀಮಯ್ಯನ ತಾಯಿ ನರಸಿಂಹಮ್ಮನ ಕೈಯ ರೊಟ್ಟಿ, ಪುಂಡಿಪಲ್ಯವೇ ಆಗಬೇಕು. ಹುಡುಕಿಕೊಂಡು ಹೋದರೆ ಆಕೆಯ ಮಡಿಲಲ್ಲಿ ಕೂತು ತಿನ್ನುತ್ತಿರುತ್ತಿದ್ದ. ಭೀಮಯ್ಯನ ಮಗ್ಗ ಅಪ್ಪನ ಕಾಲದಿಂದ ನಮ್ಮದೇ ನೂಲಿನದು.

ವ್ಯಾಪಾರ ಬೆಳೆಯಿತು, ತಲೆಬಿಸಿಯೂ ಬೆಳೆಯಿತು. ಒಂದೇ ಸೀರೆಯನ್ನು ಎರಡು ಅಂಗಡಿಗೆ ಒಪ್ಪಿಸಿಬಿಡುವುದು, ಗದ್ವಾಲಿಗೆ ಹೋಗಬೇಕಾದ ರೇಷ್ಮೆ ಮಕ್ತಲಿಗೆ ಹೋಗುವುದು, ದಿನಾ ಫೋನಿನಲ್ಲಿ ಜಗಳ. ತೆಲಂಗಾಣ ಬೇರೆಯಾಗಿ ಮೂರು ವರ್ಷಕ್ಕೆ ಜಿಎಸ್‌ಟಿ ಬೇರೆ ಬಂತು. ಆಗ ಇವನು ಹೈದರಾಬಾದಿನಿಂದ ಒಬ್ಬನನ್ನು ಕರೆಸಿ ಅಂಗಡಿಗೆ ಸಾಫ್ಟ್‌ವೇರ್ ಹಾಕಿಸಿದ. ನಾನು ಬೇಡ ಅನ್ನಲಿಲ್ಲ. ಜಗಳ ನಿಂತು ತಮ್ಮ ಹೊತ್ತಿಗೆ ಸರಿಯಾಗಿ ಉಂಡರೆ ನನಗೇನು ನೋವು?

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನದೂ ಅದೇ ಕಥೆ. ಪ್ರತಿ ಮಗ್ಗಕ್ಕೂ ಒಂದು ನಂಬರು ಕೊಟ್ಟ. ನೇಕಾರ ಅಂಗಡಿಗೆ ಬಂದು ನೂಲು ಕೇಳಿದರೆ ಅದು ಕಂಪ್ಯೂಟರಿನಲ್ಲಿ ಬರಬೇಕು. ಬೆಳಿಗ್ಗೆ ಪರದೆಯ ಮೇಲೆ ಯಾರ ಮನೆ ತೋರಿಸುತ್ತದೋ ಆ ಮನೆಗೆ ಆಳುಗಳು ನೂಲು ಒಯ್ಯಬೇಕು. ನಾನು ಮಕ್ತಲಿನ ನನ್ನ ಮನೆಯಿಂದ ಬಂದಾಗಲೆಲ್ಲ ಕೂರಿಸಿಕೊಂಡು ತೋರಿಸುತ್ತಿದ್ದ.

"ನೋಡ ಯಕ್ಕಾ, ಈಗ ನಾ ಏನೂ ನೆನಪ ಇಟಗೊಳ್ಳಾದು ಬ್ಯಾಡ. ಎಲ್ಲಾ ಇದ ಹೇಳತೈತಿ."

"ಉಂಡೀ ಇಲ್ಲೋ ಅಂತ ಹೇಳತೈತೇನಲೇ?" ಎಂದರೆ ನಗುತ್ತಿದ್ದ.

ಸಾಫ್ಟ್‌ವೇರ್ ಹಾಕಲು ಬಂದವನು, ಬಹಳ ದಿನ ನೂಲು ಕೇಳದ ಮಗ್ಗವನ್ನು ಏನು ಮಾಡಲಿ ಎಂದು ಕೇಳಿದ್ದನಂತೆ. ಕೆಲವರು ನಮ್ಮ ಹೆಸರು ಹೇಳಿಕೊಂಡು ಬೇರೆಯವರಿಗೆ ನೇಯುತ್ತಿದ್ದರು, ಅದು ಇವನಿಗೆ ಸಿಟ್ಟು. "ಮುಚ್ಚಿಬಿಡ್ರಿ. ಮುಚ್ಚೇತಿ ಅಂತ ಅವರಿಗೂ ಮೆಸೇಜ್ ಹೋಗ್ಲಿ" ಎಂದುಬಿಟ್ಟ. ಹಾಗೆಂದದ್ದನ್ನು ತಾನೇ ಮರೆತೂ ಬಿಟ್ಟ.

ಮರುವರ್ಷ ನಾಗರ ಪಂಚಮಿ ಮುಗಿದ ಮೇಲೆ ನರಸಿಂಹಮ್ಮ ತೀರಿಕೊಂಡಳು. ಕಾಂತೇಶ ಹೋಗಿ, ಹಾರ ಹಾಕಿ, ಹೆತ್ತ ತಾಯಿ ಸತ್ತಂತೆ ಅತ್ತ. ಅದನ್ನು ಕಣ್ಣಾರೆ ಕಂಡಿದ್ದೇನೆ, ಆ ಅಳು ಸುಳ್ಳಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನೇಕಾರನ ಮನೆಯಲ್ಲಿ ಸಾವಾದರೆ ಮಗ್ಗ ನಿಲ್ಲುತ್ತದೆ. ದಿನಕರ್ಮ ಮುಗಿದ ಮೇಲೂ ಅವನು ನೂಲು ಕೇಳಲು ಅಂಗಡಿಗೆ ಬರುವುದಿಲ್ಲ. ಸಾವಾದ ಮನೆಯವರು ಕೈಯೊಡ್ಡಿ ಕೆಲಸ ಕೇಳಬಾರದು ಅನ್ನುತ್ತಾರೆ. ಸಾಹುಕಾರನೇ ನೂಲು ಹೊತ್ತು ಹೋಗಿ ಮಗ್ಗದ ಮೇಲಿಟ್ಟು, "ಏಳಪ್ಪಾ, ಲಾಳಿ ಹಿಡಿ" ಅನ್ನಬೇಕು. ನೀನು ಇನ್ನೂ ನಮ್ಮವನು ಎಂಬ ಮಾತು ಅದು. ಅಪ್ಪ ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ ಬಂದವರು. ಇವನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೆ ದಸರೆಯ ವ್ಯಾಪಾರ ಶುರುವಾಗಿತ್ತು, ಬೆಳಿಗ್ಗೆ ಎದ್ದು ಪರದೆ ನೋಡುತ್ತಿದ್ದ, ಅದು ಹೇಳಿದ ಮನೆಗಳಿಗೆಲ್ಲ ನೂಲು ಹೋಗುತ್ತಿತ್ತು. ಭೀಮಯ್ಯ ಕೇಳಲು ಬರಲಿಲ್ಲ, ಅವನ ಮಗ್ಗವನ್ನು ಅದು ತೋರಿಸಲಿಲ್ಲ.

ದೀಪಾವಳಿಯ ಮುಂದೆ ನಾನು ತವರಿಗೆ ಬಂದೆ. ಚಹಾ ಕುಡಿಯುತ್ತ ಸುಮ್ಮನೆ ಕೇಳಿದೆ.

"ಭೀಮಯ್ಯನ ಮನಿಗೆ ನೂಲು ಒಯ್ದು ಕೊಟ್ಟೆಲ್ಲಾ?"

ಅವನ ಮುಖ ನೋಡಬೇಕಿತ್ತು ನೀವು. ಎದ್ದು ಹೋಗಿ ಕಂಪ್ಯೂಟರು ತೆಗೆದ. ಭೀಮಯ್ಯನ ಮಗ್ಗ ಮುಚ್ಚಿದೆ ಎಂದಿತ್ತು. ದಸರೆಗೆ ಮೊದಲೇ ಭೀಮಯ್ಯನ ಫೋನಿಗೆ ಮೆಸೇಜೂ ಹೋಗಿತ್ತು.

"ಯಕ್ಕಾ, ಇದು ತಾನ..."

"ಬಾಯಿ ಮುಚ್ಚು! ಅದಕ್ಕೇನು ನರಸಿಂಹಮ್ಮ ರೊಟ್ಟಿ ತಿನಿಸಿದ್ಳೇನು? ನಿನಗ ತಿನಿಸಿದ್ಳು."

ಮನಸ್ಸಿಗೆ ಬಂದದ್ದೆಲ್ಲ ಬೈದೆ. ಅವನು ಒಳಗೆ ಹೋಗಿ ಒಳ್ಳೆಯ ನೂಲು, ರೇಷ್ಮೆ ಆರಿಸಿ ಗಂಟು ಕಟ್ಟಿ ಹೆಗಲಿಗೇರಿಸಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಆದರೂ ಏನೋ ಆಸೆ, ನಾನೂ ಚಪ್ಪಲಿ ಮೆಟ್ಟಿ ಹಿಂದೆ ಹೊರಟೆ. ಮಗ್ಗ ಒಂದು ಎದ್ದರೆ ಸಾಕಪ್ಪಾ ಶಿವನೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಭೀಮಯ್ಯ ಬಾಗಿಲಲ್ಲೇ ಎದುರಾದ. "ಬರ್ರಿ ಸಾವಕಾರ್ರ, ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದ. ಅವನ ಹೆಂಡತಿ ಹನುಮಮ್ಮ ಚಹಾಕ್ಕಿಟ್ಟಳು. ನೂಲು ಇಡಲು ಕಾಂತೇಶ ಮಗ್ಗದ ಕಡೆ ತಿರುಗಿದ. ಮಗ್ಗ ಇರಲಿಲ್ಲ. ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಯನ್ನೂ ಮಣ್ಣು ತುಂಬಿ, ಸೆಗಣಿ ಸಾರಿಸಿ, ಮೇಲೆ ಜೋಳದ ಚೀಲ ಇಟ್ಟಿದ್ದರು.

"ಗದ್ವಾಲಿನವರಿಗೆ ಕೊಟ್ಟಬಿಟ್ಟೀವ್ರಿ," ಎಂದ ಭೀಮಯ್ಯ. "ನಾ ಈಗ ಹತ್ತಿ ಮಿಲ್ಲಿಗೆ ಕಾವಲಿಗೆ ಹೋಗ್ತೀನ್ರಿ. ನೀವು ಬರ್ತೀರಂತ ದಿನಾ ಬಾಗಲಾ ತಗದ ಇಟ್ಟಿದ್ವಿ. ಆಮ್ಯಾಲೆ ಫೋನಿಗೆ ಅದು ಬಂತ್ರಿ. ನಮ್ಮ ಮಗಳು ಸ್ರವಂತಿ ಇಂಗ್ಲೀಷ್ ಓದಿ ತೆಲುಗಿನ್ಯಾಗ ಹೇಳಿದ್ಳು, ಸಾವಕಾರ್ರು ನಮ್ಮನ್ನ ಬಿಟ್ಟಾರ ಅಂತ."

"ನಾ ಬಿಟ್ಟಿಲ್ಲೋ ಭೀಮಯ್ಯ. ಬರೂದು ಮರತೆ. ತಪ್ಪು ನಂದ. ಮತ್ತ ಮಗ್ಗ ಹಾಕಿಸಿ ಕೊಡ್ತೀನಿ, ಏಳು."

ಭೀಮಯ್ಯ ಆ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕಣ್ಣಿಗೆ ಒತ್ತಿಕೊಂಡ. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅದನ್ನು ತಿರುಗಿ ಕಾಂತೇಶನ ತೊಡೆಯ ಮೇಲಿಟ್ಟ.

"ಈ ಮನ್ಯಾಗ ಇನ್ನ ಮಗ್ಗ ಬ್ಯಾಡ್ರಿ. ನನ್ನ ಜೋಡಿ ನೇಯತಿದ್ದ ಇಕಿಗೆ ಮಗ್ಗಕ್ಕ ಕೈ ಹಾಕಾಕ ಅಂಜಿಕಿ ಆಗ್ಯಾದ. ಒಂದು ಮಾತು ಕೇಳ್ಲೇನ್ರಿ? ನಮ್ಮ ಯಾವ ಸೀರ್ಯಾಗ ತಪ್ಪು ಬಂದಿತ್ತು?"

"ಯಾವದ್ರಾಗೂ ಇಲ್ಲ! ಆಣಿ ಮಾಡಿ ಹೇಳ್ತೀನಿ, ಆ ಮೆಸೇಜು ಮಷೀನು ತಾನಾಗೇ ಕಳಿಸಿದ್ದು."

ಭೀಮಯ್ಯ ನಕ್ಕು ಹೆಂಡತಿಯ ಕಡೆ ನೋಡಿದ. "ನಾ ಹೇಳಿದ್ದಿಲ್ಲೇನು? ಸಾವಕಾರ್ರು ದೊಡ್ಡ ಮನಸ್ಸಿನವರು. ಮುಖದ ಮ್ಯಾಲೆ ಹೇಳಿ ನಮ್ಮನ್ನ ನೋಯಸಂಗಿಲ್ಲ."

ಹನುಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾದ ಕಪ್ಪು ಮುಂದಿಟ್ಟಳು. "ಪಂಚಮಿಗೆ ಕೊಟ್ಟ ಹಸರಂಚಿನ ಸೀರಿನ ಇರಬೇಕ್ರಿ. ಆವಾಗ ಅತ್ತಿ ಹಾಸಿಗಿ ಹಿಡಿದಿದ್ಳು, ನನ್ನ ಕೈ ಸೋತಿತ್ತು. ಅಂಚು ಜಗ್ಗಿದ್ದು ನನಗ ಆವತ್ತ ಗೊತ್ತಾಗಬೇಕಿತ್ತು."

ಆ ಸೀರೆಯಲ್ಲಿ ಒಂದು ಎಳೆಯೂ ಜಗ್ಗಿರಲಿಲ್ಲ. ಬಂದ ವಾರವೇ ಮಾರಿಹೋಗಿತ್ತು, ಅಂಥದ್ದೇ ಇನ್ನಷ್ಟು ಬೇಕೆಂದು ಅಂಗಡಿಯವರು ಕೇಳುತ್ತಲೇ ಇದ್ದರು. ಕಾಂತೇಶ ಅದನ್ನು ಹೇಳಿದ, ಮತ್ತೊಮ್ಮೆ ಹೇಳಿದ, ನಾನೂ ಹೇಳಿದೆ. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು, ಚಹಾ ಆರುತ್ತದೆ ಕುಡಿಯಿರಿ ಎಂದರು. ನಮ್ಮ ಮಾತನ್ನು ಅವರು ನಂಬಲಿಲ್ಲ.