ಮೂಲೆಯ ಎರಡು ಹನಿ

ಗಜೇಂದ್ರಗಡದಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಹೆಂಡ ಮಾರುವ ಸೆರೆ ಅಂಗಡಿ ಇತ್ತು. ಅಲ್ಲಿಯ ಬೈಗುಳ ಕೇಳಿ ಕೇಳಿ ನನ್ನ ನಾಲಿಗೆಯೂ ಕತ್ತರಿಯಷ್ಟೇ ಹರಿತವಾಗಿದೆ ಎಂದು ಮನೆಯವರ ದೂರು. ಐವತ್ತರ ದಶಕದ ಆರಂಭದಲ್ಲಿ ಪಾನನಿಷೇಧದ ದಾರೂಬಂದಿ ಕಾಯ್ದೆ ಬಂದು ಆ ಅಂಗಡಿಗೆ ಬೀಗ ಬಿತ್ತು. ಹಳೆಯ ಮಾಲಕ ಊರು ಬಿಟ್ಟ. ಕೆಲವು ತಿಂಗಳ ಮೇಲೆ ನರೇಗಲ್ಲಿನಿಂದ ಬಂದವರೊಬ್ಬರು ಅದನ್ನು ಹಿಡಿದರು. ಗೋಡೆಗೆ ಸುಣ್ಣ ಬಳಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಲ್ಲೇ ಚಹಾದ ಅಂಗಡಿ ತೆರೆದರು.

ಗಿರಾಕಿಗಳು ಮಾತ್ರ ಹಳಬರೇ. ಸಂಜೆಯಾದರೆ ರೂಢಿಬಿದ್ದ ಕಾಲು ಅತ್ತಲೇ ನಡೆಯುತ್ತಿತ್ತು. ಹಿಂದೆ ಬೆಂಚು ಮುರಿಯುವಂತೆ ಜಗಳಾಡುತ್ತಿದ್ದವರು ಈಗ ಬೀಗರ ಮನೆಗೆ ಬಂದವರ ಹಾಗೆ ಬಸಿ ತಟ್ಟೆಗೆ ಚಹಾ ಸುರಿದುಕೊಂಡು ತೆಪ್ಪಗೆ ಕೂಡುತ್ತಿದ್ದರು. ಮಳೆ ಬಿದ್ದರೆ ಸುಣ್ಣದೊಳಗಿಂದ ಹಳೆಯ ಸೆರೆಯ ವಾಸನೆ ಏಳುತ್ತಿತ್ತು. ಆಗ ಎಲ್ಲರೂ ಒಮ್ಮೆ ತಲೆ ಎತ್ತಿ, ಮತ್ತೆ ತಗ್ಗಿಸುತ್ತಿದ್ದರು. ಸಾವಿನ ಮನೆಯಲ್ಲಿ ಕೂತಂತೆನಿಸಿ ನನಗೆ ಅಲ್ಲಿ ಬಹಳ ಹೊತ್ತು ಇರಲಾಗುತ್ತಿರಲಿಲ್ಲ.

ಅವರಲ್ಲಿ ಒಬ್ಬರು ಮುದುಕ ನೇಕಾರರು. ನಾವೆಲ್ಲ ಅವರಿಗೆ ಕಾಕಾ ಎನ್ನುತ್ತಿದ್ದೆವು. ಸೆರೆ ಕುಡಿಯುವ ಮುಂಚೆ ಸತ್ತವರ ಹೆಸರಿನಲ್ಲಿ ಎರಡು ಹನಿ ನೆಲಕ್ಕೆ ಬಿಡುವುದು ಅಲ್ಲಿಯ ರೂಢಿ. ಕಾಕಾ ಅದನ್ನು ತಮ್ಮ ಮಗನಿಗಾಗಿ ಒಳಗಿನ ಮೂಲೆಯಲ್ಲಿ ಬಿಡುತ್ತಿದ್ದರು. ಪ್ರಾಯದ ಮಗ. ಅಪ್ಪನ ಕುಡಿತಕ್ಕೆ ಬೇಸತ್ತು ಮಾತು ಬಿಟ್ಟಿದ್ದವನು, ಹಾಗೆಯೇ ಜ್ವರ ಬಂದು ತೀರಿಹೋದ. ತಿಥಿಯ ದಿನ ಕೂಳು ಇಟ್ಟಾಗ ಕಾಗೆ ಮುಟ್ಟಲೇ ಇಲ್ಲ. ಮಗನ ಸಿಟ್ಟು ಇನ್ನೂ ಇಳಿದಿಲ್ಲ ಎಂಬುದೊಂದೇ ಕಾಕಾನ ಜೀವ ತಿನ್ನುತ್ತಿತ್ತು. ಸೆರೆ ಕಂಡರಾಗದವನಿಗೆ ಸೆರೆಯನ್ನೇ ಎರೆಯುವ ಅವರ ತಿಳಿಗೇಡಿತನ ನೋಡಿ ನನಗೆ ಮೈ ಉರಿಯುತ್ತಿತ್ತು.

ಚಹಾದ ಅಂಗಡಿಯಾದ ಮೇಲೂ ಕಾಕಾ ಆ ರೂಢಿ ಬಿಡಲಿಲ್ಲ. ಮೊದಲ ಎರಡು ಹನಿ ಅದೇ ಮೂಲೆಗೆ. ಚಹಾದಲ್ಲಿ ಸಕ್ಕರೆ ಇರುತ್ತದಲ್ಲ, ಒಂದು ಸಂಜೆ ಇರುವೆ ಬಂದವು. ಕಾಕಾ ಕಣ್ಣು ಕೀಳದೆ ನೋಡಿದರು.

“ಬಂದಾನ ನೋಡಪಾ,” ಎಂದರು ನನಗೆ. “ಇಷ್ಟ ದಿನಾ ನಾ ಕೊಟ್ಟದ್ದು ಮುಟ್ಟಿರಲಿಲ್ಲ. ಈಗ ಮುಟ್ಟ್ಯಾನ.”

ನಾನು ಇರುವೆಗಳಿಗೆ ತಾಗದಂತೆ ಕಾಲು ಹಿಂದಕ್ಕೆಳೆದುಕೊಂಡೆ.

ಹೊಸ ಮಾಲಕರಿಗೆ ಇದೇನೂ ಗೊತ್ತಿರಲಿಲ್ಲ. ಇರುವೆ ಹೆಚ್ಚಾದವೆಂದು ಒಂದು ಮಧ್ಯಾಹ್ನ ಮೂಲೆಗೆ ದೀಪದ ಗ್ಯಾಸಿನೆಣ್ಣೆ ಸುರಿದುಬಿಟ್ಟರು. ಸಂಜೆ ಕಾಕಾ ಹನಿ ಬಿಟ್ಟು ಕಾದರು. ಹನಿ ಆರಿ ಕಲೆಯಾಯಿತು. ಒಂದು ಇರುವೆಯೂ ಸುಳಿಯಲಿಲ್ಲ.

“ಮತ್ತ ಸಿಟ್ಟಾದ,” ಎಂದವರೇ ತುಂಬಿದ ಲೋಟ ಅಲ್ಲೇ ಇಟ್ಟು ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಓಣಿಯಲ್ಲಿ ಅವರ ಮಗ್ಗದ ಸದ್ದೂ ನಿಂತಿತ್ತು.

ನಾನು ಮಾಲಕರ ಹತ್ತಿರ ಹೋಗಿ ಕಾಕಾನ ಮಗನ ಸಂಗತಿ ಹೇಳಿ, ಬಾಯಿಗೆ ಬಂದಂತೆ ಅಂದೆ. ಎಲ್ಲ ಕೇಳಿಸಿಕೊಂಡು ಅವರು ಬೆಂಚಿನ ಮೇಲೆ ಕುಸಿದರು.

“ನನಗ ಯಾರೂ ಹೇಳ್ಲಿಲ್ಲಲ್ರಿ,” ಎಂದರು.

ಆಮೇಲೆ ತಾವೇ ಬಿಸಿನೀರು ಹಾಕಿ ಆ ಮೂಲೆ ತಿಕ್ಕಿದರು, ಸಗಣಿ ಸಾರಿಸಿದರು, ದಿನಾ ಚಿಟಿಕೆ ಸಕ್ಕರೆ ಉದುರಿಸಿದರು. ವಾರ ತುಂಬುವುದರೊಳಗೆ ಇರುವೆ ಬಂದವು. ನಾನು ಹೊಲಿಗೆ ಬಿಟ್ಟು ಕಾಕಾನ ಮನೆಗೆ ಓಡಿದೆ. ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಕಾಕಾ, ಮತ್ತ ಬಂದಾವ್ರಿ.”

ಅವರು ಹೊರಳಲಿಲ್ಲ. “ತಾವಾಗೇ ಬಂದ್ವೋ, ನೀವು ಕರದ್ರೋ?”

“ತಾವಾಗೇ ಬಂದ್ವ್ರಿ,” ಎಂದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಸಂಜೆ ಕಾಕಾ ಗೋಡೆ ಹಿಡಿದುಕೊಂಡು ಬಂದರು. ಮಾಲಕರು ತಾವೇ ಚಹಾ ತಂದುಕೊಟ್ಟು, ಒಲೆಯ ಕಡೆ ಮುಖ ತಿರುಗಿಸಿ ನಿಂತರು. ಕಾಕಾ ಎರಡು ಹನಿ ಬಿಟ್ಟರು. ಇರುವೆಗಳು ಹತ್ತಿರ ಬಂದವು, ಹನಿ ಸುಡುತ್ತಿತ್ತೇನೋ, ಸರಕ್ಕನೆ ಹಿಂದೆ ಸರಿದವು. ಕಾಕಾ ಮತ್ತೆ ಎದ್ದು ಹೋದಾರೆಂದು ನಾನು ಅವರತ್ತ ನೋಡಿದೆ. ಕಾಕಾ ಮಾತ್ರ ಮೊಣಕಾಲೂರಿ, ನೆಲಕ್ಕೆ ಮುಖ ತಾಗುವಷ್ಟು ಬಾಗಿ, ಮೆಲ್ಲಗೆ ಹೇಳಿದರು:

“ಬಿಸಿ ಐತಿ, ತಮ್ಮಾ. ಸಾವಕಾಶ ಕುಡಿ.”