ರೆಕ್ಕೆಯಿಲ್ಲದ ಬೋಟಿನ ಗುತ್ಯಪ್ಪ

ಎಂಜಿನ್ ಕೆಟ್ಟರೆ ಮೊದಲು ಗುತ್ಯಪ್ಪನ ಕಿವಿಗೆ ಗೊತ್ತಾಗುತ್ತಿತ್ತು. ರಿಪ್ಪನ್‌ಪೇಟೆಯ ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷ ಎಣ್ಣೆ ಎಂಜಿನ್ನಿನ ಪಕ್ಕದಲ್ಲೇ ಉಂಡು ಮಲಗಿದವನು. ಸದ್ದು ಒಂಚೂರು ದಪ್ಪವಾದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದ. ಆದರೆ ಆ ಭೂಮಿ ಹುಣ್ಣಿಮೆಯ ಮಧ್ಯಾಹ್ನ, ಹಿನ್ನೀರಿನ ನಟ್ಟನಡುವೆ, ಎಂಜಿನ್ ಕೆಟ್ಟಿರಲಿಲ್ಲ. ಎಂದಿಗಿಂತ ಜೋರಾಗಿ ಓಡುತ್ತಿತ್ತು. ನಿಂತದ್ದು ಬೋಟು.

ಬೋಟಿನ ನಡುವೆ ಚಾಪೆಯ ಮೇಲೆ ವರದಮ್ಮ ಮಲಗಿದ್ದಳು. ಚೊಚ್ಚಲ ಹೆರಿಗೆ. ನೋವು ಶುರುವಾಗಿ ಎರಡು ದಿನ ಕಳೆದಿತ್ತು. ಕೂಸು ಅಡ್ಡ ತಿರುಗಿದೆ, ಇನ್ನು ನನ್ನ ಕೈಲಾಗಲ್ಲ ಎಂದು ಸೂಲಗಿತ್ತಿ ಎದ್ದುಬಿಟ್ಟಿದ್ದಳು. ಗಂಡ ಕೂಲಿಗೆಂದು ತೀರ್ಥಹಳ್ಳಿ ಕಡೆ ಹೋದವನಿಗೆ ಸುದ್ದಿಯೂ ಮುಟ್ಟಿರಲಿಲ್ಲ. ಸಾಗರದ ಆಸ್ಪತ್ರೆಗೆ ಮುಟ್ಟಿಸಿದರೆ ಎರಡು ಜೀವ ಉಳಿದಾವು, ಇಲ್ಲದಿದ್ದರೆ ಎರಡೂ ಇಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೆರಿಯಮ್ಮ ಕೂತಿದ್ದಳು. ಮುಂದಿನ ಹಲಗೆಯ ಮೇಲೆ ಮಂಜುನಾಥಪ್ಪ.

ಈ ಮಂಜುನಾಥಪ್ಪನ ಕಣದಲ್ಲೇ ಗುತ್ಯಪ್ಪನ ಅಪ್ಪ ಸಾಯುವವರೆಗೂ ಗೇಣಿ ಭತ್ತ ಅಳೆದದ್ದು. ಗುತ್ಯಪ್ಪ ಗೇಣಿ ಚಳವಳಿಯಲ್ಲಿ ಜೈಲು ಕಂಡು ಬಂದ ಮೇಲೆ ಆತನನ್ನು ‘ಒಡೆಯ’ ಎನ್ನುವುದು ಬಿಟ್ಟ. ಉಳುವವನಿಗೆ ಭೂಮಿ ಸಿಗುವ ಮೊದಲೇ ಭೂಮಿಗೆ ನೀರು ಸಿಕ್ಕಿತು. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದು ಶರಾವತಿಯ ನೀರು ಹಿಂದಕ್ಕೆ ಏರಿದಾಗ ಒಡೆಯನ ತೋಟವೂ ಒಕ್ಕಲಿನ ಗದ್ದೆಯೂ ಒಟ್ಟಿಗೇ ಮುಳುಗಿದವು. ಉಳಿದವರು ಆಚೆ ದಂಡೆಯ ಗುಡ್ಡ ಹತ್ತಿದರು. ಆಸ್ಪತ್ರೆ, ಕಚೇರಿ, ಸಂತೆ ಎಲ್ಲ ಈಚೆ ದಂಡೆಯಲ್ಲಿ ಉಳಿಯಿತು.

ಕಟ್ಟೆ ಕಟ್ಟುವಾಗ ಹೊಳೆಯ ಅಳತೆಗೆ ಬಂದವರು ಮೂರು ವರ್ಷ ಓಡಿಸಿ ಬಿಟ್ಟುಹೋದ ಹಳೇ ಜೆಟ್ ಬೋಟನ್ನು ಊರವರು ಸೊಸೈಟಿ ಮಾಡಿಕೊಂಡು ತಂದರು. ಅಧ್ಯಕ್ಷ ಮಂಜುನಾಥಪ್ಪ, ಚಾಲಕ ಗುತ್ಯಪ್ಪ. ಅದರ ಬಾಲದಲ್ಲಿ ತಿರುಗುವ ರೆಕ್ಕೆ ಇರಲಿಲ್ಲ. ಹೊಟ್ಟೆಯಡಿಯ ಜಾಲರಿ ಬಾಯಿಂದ ನೀರು ಹೀರಿ, ಒಳಗಿನ ಚಕ್ರದಿಂದ ಒತ್ತಿ, ಹಿಂದಿನ ಮೂತಿಯಿಂದ ಎರಚುತ್ತಿತ್ತು. ಎರಚಿದ ಬಲಕ್ಕೆ ಮುಂದೆ ಓಡುತ್ತಿತ್ತು. ಮುಳುಗಿದ ಮರದ ನೆತ್ತಿಗೆ ಬಡಿದು ರೆಕ್ಕೆ ಮುರಿಯುವ ಭಯವಿಲ್ಲವೆಂದೇ ಅದನ್ನು ಆರಿಸಿದ್ದು.

ಆ ಮರಗಳೇ ಈಗ ಎದುರಿಗಿದ್ದವು. ಒಣಗಿ ಬಿಳುಚಿದ ಕೊಂಬೆಗಳು ನೀರಿನಿಂದ ಈಟಿಯಂತೆ ಎದ್ದಿದ್ದವು. ಗಾಳಿ ಬೋಟನ್ನು ನಿಧಾನಕ್ಕೆ ಅತ್ತಲೇ ದೂಡುತ್ತಿತ್ತು.

ಎಂಜಿನ್ನಿಂದ ಚಕ್ರಕ್ಕೆ ಹೋಗುವ ದಂಡವೇ ಕಳಚಿತೇನೋ ಎಂದು ಗುತ್ಯಪ್ಪ ಹಲಗೆ ಎತ್ತಿ ನೋಡಿದ. ದಂಡ ಸರಿಯಾಗೇ ತಿರುಗುತ್ತಿತ್ತು. ಅಷ್ಟರಲ್ಲಿ ಬಣ್ಣ ಸುಟ್ಟ ವಾಸನೆ ಬಂತು. ಪಕ್ಕಕ್ಕೆ ಬಗ್ಗಿದ. ಎಂಜಿನ್ ತಣಿಸಿದ ನೀರು ಹೊರಬೀಳುವ ಸಣ್ಣ ಕೊಳವೆಯಲ್ಲಿ ಒಂದು ಹನಿಯೂ ಇಲ್ಲ. ಬೋಟು ತಳ್ಳುವ ನೀರು, ಎಂಜಿನ್ ತಣಿಸುವ ನೀರು ಎರಡೂ ಬರುವುದು ಒಂದೇ ಬಾಯಿಂದ. ಎರಡೂ ನಿಂತಿವೆ ಅಂದರೆ ಬಾಯಿಗೆ ಏನೋ ಸಿಕ್ಕಿದೆ.

ಏನು ಸಿಕ್ಕಿದೆ ಎಂಬುದೂ ಅವನಿಗೆ ಕೂಡಲೇ ಹೊಳೆಯಿತು.

ಭೂಮಿ ಹುಣ್ಣಿಮೆಗೆ ಗದ್ದೆಯ ಪೈರು ತುಂಬಿದ ಬಸುರಿ. ಬೆಳಕು ಹರಿಯುವ ಮೊದಲು ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು, ಪೈರಿಗೆ ಹೊಸ ರವಿಕೆಯ ಕಣ ಉಡಿಸಿ, ಗದ್ದೆಗೆಲ್ಲ ಅನ್ನ ಬೀರಿ ಅವಳ ಬಯಕೆ ತೀರಿಸಬೇಕು. ಗದ್ದೆ ಮುಳುಗಿದ ಮೇಲೆ ಎರಡು ವರ್ಷ ಗುತ್ಯಪ್ಪನ ಹೆಂಡತಿ ಹಾಲಮ್ಮ ಆ ದಿನ ಒಲೆ ಹಚ್ಚಿರಲಿಲ್ಲ. ಈ ವರ್ಷ ಹಟ ಹಿಡಿದಳು. ಮೇಲೆ ನೀರಿದ್ದರೆ ಏನು, ಅಡಿಯಲ್ಲಿ ಭೂಮಿ ಇಲ್ಲವೇ, ಬಸುರಿ ಎಷ್ಟು ವರ್ಷ ಉಪವಾಸ ಕೂರಬೇಕು ಎಂದಳು. ಸೊಸೈಟಿಯ ಬೋಟು ಯಾರ ಸ್ವಂತದ ಕೆಲಸಕ್ಕೂ ಹೋಗಕೂಡದು ಎಂಬ ನಿಯಮವಿತ್ತು. ಒಡೆಯರ ಮನೆಯ ಮದುವೆಗೆ ಬೋಟು ಹೋದೀತೆಂದು ಹಟ ಮಾಡಿ ಅದನ್ನು ಬರೆಸಿದವನು ಗುತ್ಯಪ್ಪನೇ. ಆದರೂ ನಸುಕಿನಲ್ಲಿ ಕದ್ದು ಬೋಟು ಬಿಚ್ಚಿದ. ನೆತ್ತಿ ಮಾತ್ರ ಕಾಣುವ ಹಲಸಿನ ಮರದ ಗುರುತು ಹಿಡಿದು ಗದ್ದೆ ಹುಡುಕಲು ಮೂರು ಸಲ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸಿದ. ಹಳೇ ಬ್ಯಾಟರಿ ಬಸವಳಿಯಿತು. ಮತ್ತೆ ನಿಲ್ಲಿಸಲು ಹೆದರಿದ. ಎಂಜಿನ್ ಓಡುತ್ತಿದ್ದಂತೆಯೇ ಹಾಲಮ್ಮ ಅನ್ನ ಬೀರಿದಳು, ಕೆಂಪು ಕಣವನ್ನು ನೀರಿಗೆ ಬಿಟ್ಟಳು. ತಿರುಗಿ ಬರುವಾಗ ಬೋಟು ಸರಿಯಾಗಿ ಎಳೆಯುತ್ತಿರಲಿಲ್ಲ. ಕಿವಿ ಹೇಳಿತ್ತು. ಜನ ಏಳುವುದರೊಳಗೆ ಕಟ್ಟಿಹಾಕುವ ಅವಸರದಲ್ಲಿ ಅವನು ಕೇಳಲಿಲ್ಲ.

“ಎಂತ ಆತು ಗುತ್ಯ?” ಎಂದ ಮಂಜುನಾಥಪ್ಪ.

“ಬಾಯಿ ಕಟ್ಟಿದೆ. ಎಂಜಿನ್ ನಿಲ್ಲಿಸ್ಬೇಕು.”

“ನಿಲ್ಸಿದ್ರೆ ಮತ್ತೆ ಹೊತ್ಕಳ್ತದಾ?”

“ಗೊತ್ತಿಲ್ಲ.”

ನಿಲ್ಲಿಸಿದ. ಅಷ್ಟು ಹೊತ್ತು ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ವರದಮ್ಮನ ನರಳಾಟ ಈಗ ಬೋಟಿನ ತುಂಬ ಕೇಳಿತು.

ಬಾಯಿಯ ಮೇಲಿನ ಮುಚ್ಚಳ ಇದ್ದದ್ದು ಹಿಂಬದಿಯಲ್ಲಿ. ಭಾರ ಹಿಂದಿದ್ದಾಗ ಅದನ್ನು ತೆರೆದರೆ ನೀರು ಒಳಗೆ ಉಕ್ಕುತ್ತದೆ. ಎಲ್ಲರೂ ಮುಂದಕ್ಕೆ ಸರಿಯಿರಿ ಎಂದ. ಮಂಜುನಾಥಪ್ಪನೂ ಕೆರಿಯಮ್ಮನೂ ಚಾಪೆಯ ಎರಡು ತುದಿ ಹಿಡಿದು ವರದಮ್ಮನನ್ನು ಬೋಟಿನ ಮುಂತುದಿಗೆ ಎಳೆದರು. ಗುತ್ಯಪ್ಪ ತಿರುಪು ಬಿಚ್ಚಿ ಮುಚ್ಚಳ ತೆಗೆದ. ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಹೊಟ್ಟೆ ಅಡಿ ಮಾಡಿ ಮಲಗಿ ಭುಜದವರೆಗೆ ಕೈ ಇಳಿಸಿದ. ಮೊದಲು ಜೊಂಡು ಸಿಕ್ಕಿತು, ಆಮೇಲೆ ಕಡ್ಡಿ. ಅದರಾಚೆ ಚಕ್ರಕ್ಕೆ ಹುರಿಯಂತೆ ಬಿಗಿದು ಸುತ್ತಿದ ಬಟ್ಟೆ. ಎಳೆದರೆ ಇನ್ನಷ್ಟು ಬಿಗಿಯಿತು.

ಚೂರಿ ಕೇಳಿದ. ಕೆರಿಯಮ್ಮ ಎಲೆಯಡಿಕೆ ಚೀಲದಿಂದ ತೆಗೆದುಕೊಟ್ಟಳು. ಕಣ್ಣಿಗೆ ಕಾಣದ ಕಡೆ ಬಟ್ಟೆಯನ್ನೂ ತನ್ನ ಬೆರಳನ್ನೂ ಒಟ್ಟಿಗೆ ಕೊಯ್ದ. ಮೊದಲ ಕೊಂಬೆ ಬೋಟಿನ ಪಕ್ಕವನ್ನು ಕೆರೆಯಿತು. ಮಂಜುನಾಥಪ್ಪ ಎರಡೂ ಕೈಯಲ್ಲಿ ಅದನ್ನು ತಳ್ಳಿ ಹಿಡಿದ. ಬಟ್ಟೆ ಚಿಂದಿ ಚಿಂದಿಯಾಗಿ ಮೇಲೆ ಬಂತು.

ಕೆರಿಯಮ್ಮ ಒಂದು ಚಿಂದಿ ಎತ್ತಿ ನೋಡಿದಳು. “ಇದು ಭೂಮ್ತಾಯಿಗೆ ಉಡ್ಸೋ ಕಣ ಅಲ್ವನೋ ತಮ್ಮಾ.”

“ಯಾರದ್ದು?” ಎಂದ ಮಂಜುನಾಥಪ್ಪ.

“ನಂದೇ. ಬೆಳಗ್ಗೆ ಬೋಟು ಕದ್ಕಂಡು ಹೋಗಿದ್ದೆ. ಮೀಟಿಂಗಲ್ಲಿ ನಾನೇ ಹೇಳ್ತೀನಿ.” ಗುತ್ಯಪ್ಪ ಮುಚ್ಚಳ ಬಿಗಿದು ಎಂಜಿನ್ ಹೊತ್ತಿಸುವ ಸೆಲ್ಫ್ ಗುಂಡಿ ಒತ್ತಿದ. ಟಕ್ ಎಂದಿತು, ಅಷ್ಟೆ. ಇನ್ನೊಮ್ಮೆ ಒತ್ತಿದರೆ ಕಿಡಿಗೆ ಬೇಕಾದಷ್ಟೂ ಬ್ಯಾಟರಿ ಉಳಿಯುವುದಿಲ್ಲ ಎಂದು ಕೈ ತೆಗೆದ. ಬೋಟು ಕಟ್ಟುವ ಹಗ್ಗವನ್ನು ಎಂಜಿನ್ನಿನ ಮುಂದಿನ ಗಾಲಿಗೆ ಮೂರು ಸುತ್ತು ಸುತ್ತಿದ. ಗಿರಣಿಯ ಎಂಜಿನ್ ಸತಾಯಿಸಿದಾಗ ಹೀಗೇ ಎಬ್ಬಿಸುತ್ತಿದ್ದರು. ಅಲ್ಲಿ ನಾಲ್ಕು ಜನ ಇರುತ್ತಿದ್ದರು.

“ಹಗ್ಗ ಹಿಡೀರಿ. ಎಳೆದ ಕೂಡ್ಲೇ ಬಿಡ್ಬೇಕು, ಇಲ್ದಿದ್ರೆ ಕೈ ಹೋಗ್ತದೆ.”

ಎತ್ತಿನ ಹಗ್ಗವನ್ನೂ ಆಳಿನ ಕೈಗೆ ಕೊಟ್ಟು ಬದುಕಿದ ಮನುಷ್ಯ ಕೊಂಬೆ ಬಿಟ್ಟು ಬಂದು ಹಗ್ಗ ಹಿಡಿದ. ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಂಜಿನ್ ಕೆಮ್ಮಿತು, ಮಂಜುನಾಥಪ್ಪ ಅಂಗಾತ ಬಿದ್ದ. ಬೋಟು ಎರಡು ಮರದ ನಡುವೆ ಸಿಕ್ಕಿಕೊಳ್ಳತೊಡಗಿತ್ತು. ಬಿದ್ದವನು ಬೈಗುಳವೊಂದನ್ನು ಉಗುಳಿ, ಎದ್ದು ಮತ್ತೆ ಹಿಡಿದ. ಮೂರನೆಯದಕ್ಕೆ ಹೊತ್ತಿಕೊಂಡಿತು. ಸಣ್ಣ ಕೊಳವೆ ಮೊದಲು ತುಕ್ಕು ಬಣ್ಣದ ಬಿಸಿನೀರು ಉಗಿಯಿತು, ಆಮೇಲೆ ತಿಳಿನೀರು. ಬೋಟು ಕೊಂಬೆ ಮುರಿದುಕೊಂಡು ಹೊರಬಿತ್ತು.

ದಂಡೆಯಿಂದ ಮರ ಸಾಗಿಸುವ ಲಾರಿಯಲ್ಲಿ ಸಾಗರ ಮುಟ್ಟುವಾಗ ಹೊತ್ತು ಇಳಿದಿತ್ತು. ವರದಮ್ಮ ಉಳಿದಳು. ಕೂಸು ಉಳಿಯಲಿಲ್ಲ. ಒಂದು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿತ್ತೇ ಎಂದು ಗುತ್ಯಪ್ಪ ಡಾಕ್ಟರನ್ನು ಕೇಳಿದ. ಅವರು ಕೈ ತೊಳೆಯುತ್ತಾ, ಹೇಳಲಿಕ್ಕಾಗಲ್ಲ ಎಂದರು.

ಸೊಸೈಟಿಯ ಮೀಟಿಂಗಿನಲ್ಲಿ ಯಾರೂ ಕೇಳುವ ಮೊದಲೇ ಎದ್ದು ನಿಂತು ಎಲ್ಲ ಹೇಳಿ, ಬೀಗದಕೈ ಮೇಜಿನ ಮೇಲಿಟ್ಟ. ಭೂಮಿಗೆ ಉಣ್ಣಿಸಿದ್ದು ತಪ್ಪಲ್ಲ ಎಂದು ಒಂದಿಬ್ಬರು ಅವನ ಪರ ನಿಂತರು.

“ಉಣ್ಸಿದ್ದು ತಪ್ಪಲ್ಲ,” ಎಂದ ಗುತ್ಯಪ್ಪ. “ಬೆಳಗ್ಗೆ ಬೋಟು ಎಳೀತಾ ಇರ್ಲಿಲ್ಲ. ನಂಗೆ ಗೊತ್ತಾತು, ನೋಡ್ಲಿಲ್ಲ. ಅದು ತಪ್ಪು.”

ಮಂಜುನಾಥಪ್ಪ ಹಗ್ಗ ಕೊಯ್ದ ಕೈಯಿಂದ ಬೀಗದಕೈ ಎತ್ತಿಟ್ಟುಕೊಂಡ.

ಹನ್ನೆರಡು ದಿನ ಬೋಟು ಕಟ್ಟಿದಲ್ಲೇ ನಿಂತಿತ್ತು. ಹದಿಮೂರನೇ ದಿನ ಬೆಳಗ್ಗೆ ಕೆರಿಯಮ್ಮ ಮಂಜುನಾಥಪ್ಪನಿಂದ ಬೀಗದಕೈ ಇಸಿದುಕೊಂಡು ಗುತ್ಯಪ್ಪನ ಅಂಗಳಕ್ಕೆ ಬಂದಳು. ಮೊಮ್ಮಗುವಿನ ಮಾತು ಎತ್ತಲಿಲ್ಲ. ಹಾಲಮ್ಮ ಕೊಟ್ಟ ನೀರನ್ನೂ ಕುಡಿಯಲಿಲ್ಲ.

“ವರದನ್ನ ಇವತ್ತು ಬಿಡ್ತಾರಂತೆ. ಕರ್ಕಂಡು ಬರ್ಬೇಕು. ಬೋಟು ತೆಗಿ.”

ಗುತ್ಯಪ್ಪ ಹೋದ. ಎಂಜಿನ್ ಮುಟ್ಟುವ ಮೊದಲು ಮುಚ್ಚಳ ಬಿಚ್ಚಿ, ಭುಜದವರೆಗೆ ಕೈ ಇಳಿಸಿ, ಚಕ್ರದ ಸುತ್ತ ತಡಕಿ ನೋಡಿದ. ಆ ಬೋಟು ತುಕ್ಕು ಹಿಡಿದು ಮೂಲೆ ಸೇರುವವರೆಗೂ ಅವನ ಅಂಗಿಯ ಬಲತೋಳು ಬೆಳಗಿನ ಹೊತ್ತು ಒಣಗಿದ್ದನ್ನು ಊರಲ್ಲಿ ಯಾರೂ ನೋಡಲಿಲ್ಲ.